ಹಳೆಯ ಮನೆ ನಮ್ಮದಾದ ವರ್ಷ

ನಮ್ಮ ಕಡೆ ಗಲ್ಫಿನಲ್ಲಿ ದುಡಿದ ಹಣ ಮೊದಲು ಮನೆಯಾಗುತ್ತದೆ. ಹಂಚಿನ ಮನೆ ಇದ್ದರೆ ಅದನ್ನು ಕೆಡವಿ ಅದೇ ಜಾಗದಲ್ಲಿ ಟೆರೇಸ್ ಮನೆ ಕಟ್ಟುವುದು ರೂಢಿ. ಪಾಣೆಮಂಗಳೂರಿನ ನಮ್ಮ ರಸ್ತೆಯಲ್ಲಿ ಈಗ ಹಂಚು ಉಳಿದಿರುವ ಮನೆಗಳು ನಾಲ್ಕೇ ನಾಲ್ಕು. ಅದರಲ್ಲಿ ಒಂದು ನಮ್ಮದು. ‘ನಮ್ಮದು’ ಎಂದು ಬರೆಯುವ ಹಕ್ಕು ಬಂದದ್ದು ಹೋದ ವರ್ಷ ಬಕ್ರೀದ್ ಕಳೆದ ಮೇಲೆ. ಅಲ್ಲಿಯವರೆಗೆ ನಾವು ಬಿ.ಸಿ.ರೋಡಿನಲ್ಲಿ ಬಾಡಿಗೆಗೆ ಇದ್ದೆವು, ಅದು ಅಜ್ಜನ ಮನೆಯಾಗಿತ್ತು. ದೊಡ್ಡಪ್ಪನವರು ಮಂಗಳೂರಿಗೆ ಹೋದ ಮೇಲೆ ಅಲ್ಲಿ ಅಜ್ಜಿ ಒಬ್ಬರೇ ಇದ್ದರು.

ಅಜ್ಜ ತೀರಿಕೊಂಡು ಆರು ವರ್ಷವಾದರೂ ಪಾಲು ಆಗಿರಲಿಲ್ಲ. ಮನೆಯಲ್ಲಿ ಕಾಮರ್ಸ್ ಓದುವವಳು ನಾನೊಬ್ಬಳೇ ಆದ್ದರಿಂದ ಲೆಕ್ಕದ ಕೆಲಸ ನನಗೆ ಬಂತು. ನಮ್ಮ ಶರೀಅತ್ತಿನ ಪ್ರಕಾರ ಮಕ್ಕಳಿರುವಾಗ ಹೆಂಡತಿಗೆ ಎಂಟನೆಯ ಒಂದು ಭಾಗ. ಉಳಿದದ್ದರಲ್ಲಿ ಗಂಡುಮಕ್ಕಳಿಗೆ ಎರಡೆರಡು, ಹೆಣ್ಣುಮಗಳಿಗೆ ಒಂದು. ಅಜ್ಜಿ, ದೊಡ್ಡಪ್ಪ, ಉಪ್ಪ ಮತ್ತು ಉಪ್ಪನ ತಂಗಿ, ಅಂದರೆ ನನ್ನ ಮಾಮಿ. ಇಡೀ ಆಸ್ತಿಯನ್ನು 40 ಪಾಲು ಮಾಡಿದರೆ ಅಜ್ಜಿಗೆ 5, ದೊಡ್ಡಪ್ಪನಿಗೆ 14, ಉಪ್ಪನಿಗೆ 14, ಮಾಮಿಗೆ 7. ಕೂಡಿಸಿ ನೋಡಿ, ಸರಿಯಾಗಿ ನಲವತ್ತೇ ಬರುತ್ತದೆ. ಅಕೌಂಟೆನ್ಸಿಯ ಬ್ಯಾಲೆನ್ಸ್ ಶೀಟ್ ಇಷ್ಟು ಸುಲಭವಾಗಿ ನನಗೆ ಯಾವತ್ತೂ ಟ್ಯಾಲಿ ಆದದ್ದಿಲ್ಲ.

ಲೆಕ್ಕ ಸುಲಭ, ಬೆಲೆ ಕಟ್ಟುವುದು ಕಷ್ಟ. ದೊಡ್ಡಪ್ಪ ಮತ್ತು ಮಾಮಿಯ ಪಾಲನ್ನು ಉಪ್ಪ ಕೊಳ್ಳುವುದೆಂದು ಮಾತಾಯಿತು. ಆಗ ಹಿತೈಷಿಗಳು ಬಂದರು. “ಹಳೇ ಮನೆಗೆ ಏನು ಬೆಲೆ? ಹೇಗೂ ಕೆಡವುವುದೇ ಅಲ್ಲವಾ, ಜಾಗದ ಬೆಲೆ ಮಾತ್ರ ಹಿಡಿಯಿರಿ” ಎಂದರು. ಇನ್ನೊಬ್ಬರು, “ಹೆಣ್ಣುಮಗಳಿಗೆ ಮದುವೆಯಲ್ಲಿ ಚಿನ್ನ ಹಾಕಿದ್ದೀರಿ, ಒಂದು ಸಹಿ ಹಾಕಿಸಿಕೊಂಡರೆ ಮುಗಿಯಿತು” ಎಂದರು. ಮದುವೆಯ ಚಿನ್ನಕ್ಕೂ ತಂದೆಯ ಆಸ್ತಿಯ ಪಾಲಿಗೂ ಸಂಬಂಧವಿಲ್ಲ ಎಂದು ಎಷ್ಟು ಪ್ರವಚನಗಳಲ್ಲಿ ಕೇಳಿದರೂ ನಮ್ಮವರು ಈ ಮಾತನ್ನು ಬಿಡುವುದಿಲ್ಲ. ಗೆಳತಿಯರೇ, ನಿಮ್ಮ ಮನೆಯಲ್ಲೂ ಒಮ್ಮೆ ಕೇಳಿ ನೋಡಿ, ನಿಮ್ಮ ಅಜ್ಜಿಯಂದಿರಲ್ಲಿ ಎಷ್ಟು ಜನರಿಗೆ ತವರಿನ ಪಾಲು ಕೈಗೆ ಬಂದಿದೆ ಎಂದು.

ಅಜ್ಜಿ ಅಡಿಗೆಮನೆಯಿಂದಲೇ ಉತ್ತರ ಕೊಟ್ಟರು. “ಈ ಬಾಗಿಲು ಹಲಸಿನದ್ದು, ಆ ಪಕ್ಕಾಸು ಕಿರಾಲ್ಬೋಗಿಯದ್ದು. ಅದಕ್ಕೆ ಬೆಲೆ ಇಲ್ಲವಾ? ಮರದ ಬೆಲೆಯೂ ಸೇರಿಸಿ ನನ್ನ ಮಗಳ ಏಳು ಪಾಲು ಎಣಿಸಿ ಕೊಡಿ. ನನ್ನ ಐದು ಪಾಲು ನಾನಿರುವವರೆಗೆ ನನ್ನದೇ.”

ಉಪ್ಪ ಜುಬೈಲಿನಿಂದ ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡರು. ಮರದವರನ್ನು ಕರೆಸಿ ಬೆಲೆ ಕಟ್ಟಿಸಲು ಹೇಳಿದರು. ದೊಡ್ಡಪ್ಪನ ಹಣ ಒಮ್ಮೆಲೇ, ಮಾಮಿಯ ಹಣ ಅವರ ಒಪ್ಪಿಗೆಯಂತೆ ಎರಡು ಕಂತಿನಲ್ಲಿ. ರಜೆಯಲ್ಲಿ ಬಂದಾಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ಮಾಡಿಸಿದರು. ಅಂದು ಮಾಮಿ ಮನೆಗೆ ಬಂದು, ಅಜ್ಜಿಯ ಪಕ್ಕದಲ್ಲಿ ತುಂಬ ಹೊತ್ತು ಸುಮ್ಮನೆ ಕುಳಿತಿದ್ದರು.

ಮರಕ್ಕೂ ಗೋಡೆಗೂ ಬೆಲೆ ಕೊಟ್ಟಾದ ಮೇಲೆ ಅದನ್ನು ಕೆಡವಿ ಮಣ್ಣು ಮಾಡುವುದು ಹೇಗೆ ಎಂಬ ಪ್ರಶ್ನೆ ತಾನಾಗಿಯೇ ಎದ್ದಿತು. ಉಪ್ಪನ ಮನಸ್ಸಿನಲ್ಲಿ ಮಾತ್ರ ಬೇರೆ ಮನೆಯಿತ್ತು. ಇಪ್ಪತ್ತು ವರ್ಷಗಳಿಂದ ಜೊತೆಗಾರರ ಹೊಸ ಮನೆಗಳ ಫೋಟೋ ನೋಡುತ್ತಾ ಬಂದವರು. ಗಾಜಿನ ಬಾಲ್ಕನಿ ಇರುವ ಒಂದು ಮನೆಯ ಚಿತ್ರ ಅವರ ಫೋನಿನಲ್ಲಿ ವರ್ಷಗಳಿಂದ ಇದೆ. “ಇಷ್ಟು ವರ್ಷ ಬಿಸಿಲಲ್ಲಿ ದುಡಿದವನಿಗೆ ಒಂದು ಹೊಸ ಮನೆಯ ಆಸೆ ಇರಬಾರದಾ?” ಎಂದು ಉಮ್ಮನಿಗೆ ಕಳಿಸಿದ ವಾಯ್ಸ್ ಮೆಸೇಜ್ ನಾನೂ ಕೇಳಿದ್ದೇನೆ. ಅದು ತಪ್ಪೆಂದು ನನಗೆ ಇವತ್ತಿಗೂ ಅನಿಸುವುದಿಲ್ಲ. ಹಳೆಯ ಮನೆ ಚೆಂದ ಎಂದು ಹೇಳುವುದು ಸುಲಭ. ಅದಕ್ಕಾಗಿ ತನ್ನ ಕನಸಿನ ಮನೆಯನ್ನು ಬಿಡುವವರ ಕಷ್ಟ ಬೇರೆ. ಆದರೆ ಪಾಲಿನ ಹಣ ಕೊಟ್ಟ ಮೇಲೆ ಉಳಿದದ್ದರಲ್ಲಿ ಹೊಸ ಮನೆ ಆಗುವಂತಿರಲಿಲ್ಲ. ಬಡ್ಡಿಯ ಸಾಲ ಮಾಡುವುದಿಲ್ಲ ಎಂಬುದು ಉಪ್ಪನದೇ ಹಠ. ಹಾಗಾಗಿ ರಿಪೇರಿ ಎಂದಾಯಿತು.

ಡಿಸೆಂಬರಿನಲ್ಲಿ ಕೆಲಸ ಹಿಡಿದೆವು. ಮಳೆಗಾಲಕ್ಕೆ ಮೊದಲು ಮಾಡು ಮುಗಿಯಲೇಬೇಕು, ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆ ನಮ್ಮದು. ಮೇಸ್ತ್ರಿಯವರು ಎಪ್ಪತ್ತು ದಾಟಿದವರು. ಮೊದಲ ದಿನವೇ ನನ್ನ ಕೈಯಲ್ಲಿ ಪುಸ್ತಕ ನೋಡಿ, “ನೂರು ಚದರ ಅಡಿಗೆ 150 ಹಂಚು ಲೆಕ್ಕ, ಬರೆದುಕೊಳ್ಳಿ” ಎಂದರು. ನಮ್ಮ ಮಾಡು ಸುಮಾರು 1,600 ಚದರ ಅಡಿ, ಅಂದರೆ 2,400 ಹಂಚು. ಎಲ್ಲವನ್ನೂ ಇಳಿಸಿ, ಪಾಚಿ ತಿಕ್ಕಿ ತೊಳೆದು, ಒಂದೊಂದನ್ನೇ ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ಗಟ್ಟಿ ಹಂಚು ಗಂಟೆಯಂತೆ ಟಣ್ ಎನ್ನುತ್ತದೆ. ಬಿರುಕು ಬಿಟ್ಟದ್ದು ಮಂಕಾಗಿ ಸದ್ದು ಮಾಡುತ್ತದೆ. ಕ್ರಿಸ್‌ಮಸ್ ರಜೆಯಿಡೀ ನಾನು ಮತ್ತು ತಮ್ಮ ಅಂಗಳದಲ್ಲಿ ಕುಳಿತು ಹಂಚು ತಟ್ಟಿದೆವು. ಒಡೆದದ್ದು ನಾನೂರರಷ್ಟು. ಅಷ್ಟನ್ನು, ಕೆಡವುತ್ತಿದ್ದ ಇನ್ನೊಂದು ಮನೆಯಿಂದ ತಂದೆವು. ಆ ಮನೆಯ ಯಜಮಾನರು ಹಣ ಕೇಳಲಿಲ್ಲ, ಸಾಗಿಸಿಕೊಂಡು ಹೋದರೆ ಸಾಕು ಎಂದರು.

ಹಂಚುಗಳ ಹಿಂದೆ ‘ಬಾಸೆಲ್ ಮಿಷನ್, 1865’ ಎಂದು ಅಚ್ಚೊತ್ತಿದ್ದನ್ನು ನೋಡಿ ತಮ್ಮ ಕುಣಿದಾಡಿದ. ಹಂಚು 160 ವರ್ಷ ಹಳೆಯದು ಎಂದು ಕ್ಲಾಸಿನಲ್ಲೆಲ್ಲ ಹೇಳಿ ಬಂದ. ನಮ್ಮ ಇತಿಹಾಸದ ಸರ್ ಅದನ್ನು ಸರಿಪಡಿಸಿದರು. 1865 ಎಂಬುದು ಮಂಗಳೂರಿನಲ್ಲಿ ಆ ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಮಿಷನ್ನಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡರು. ಆಮೇಲೆ ಅವು ಕಾಮನ್‌ವೆಲ್ತ್ ಹೆಸರಿನಲ್ಲಿ ನಡೆದವು. ನಮ್ಮ ಮಾಡಿನ ಹಿಂಭಾಗದಲ್ಲಿ ಕಾಮನ್‌ವೆಲ್ತ್ ಹಂಚುಗಳೂ ಸಿಕ್ಕಿದವು. ಮುತ್ತಜ್ಜ ಎರಡು ಸಲ ಹಂಚು ಹೊದಿಸಿರಬೇಕು, ಅಥವಾ ಅವರೂ ನಮ್ಮಂತೆ ಯಾರದೋ ಹಳೆಯ ಹಂಚು ತಂದಿರಬೇಕು.

ಪಕ್ಕಾಸುಗಳಿಗೆ ಒರಲೆ ಮುಟ್ಟಿರಲಿಲ್ಲ, ಅಜ್ಜಿಯ ಮಾತೇ ನಿಜವಾಯಿತು. ಅವುಗಳ ಮೇಲೆ ಅಡ್ಡಕ್ಕೆ ಹೊಡೆದ ರೀಪುಗಳು ಮಾತ್ರ ಹಿಟ್ಟಾಗಿದ್ದವು. ಅಷ್ಟನ್ನೂ ಬದಲಾಯಿಸಿದೆವು. ಅತಿ ಹೆಚ್ಚು ಹಣ ಹೋದದ್ದು ಅಲ್ಲೇ.

ಗೋಡೆಯದು ಬೇರೆ ಕಥೆ. ಕೆಂಪುಕಲ್ಲಿನ ಗೋಡೆ, ಸುಣ್ಣದ ಗಾರೆ. ನಡುವೆ ಯಾವಾಗಲೋ ಹೊರಗೋಡೆಗೆ ಸಿಮೆಂಟ್ ಬಳಿಸಿದ್ದರು. ಅಲ್ಲಿಂದ ಒಳಗೆ ಬಣ್ಣ ಗುಳ್ಳೆ ಏಳಲು ಶುರುವಾದದ್ದಂತೆ. ಮೇಸ್ತ್ರಿ ವಿವರಿಸಿದ್ದು ಹೀಗೆ: ಕೆಂಪುಕಲ್ಲಿನಲ್ಲಿ ತೂತುಗಳು ಹೆಚ್ಚು, ನೆಲದ ನೀರನ್ನು ಅದು ಮೇಲಕ್ಕೆ ಎಳೆಯುತ್ತದೆ. ಸುಣ್ಣದ ಗಾರೆಯಾದರೆ ಆ ತೇವ ಹೊರಗೆ ಆರಿಹೋಗುತ್ತದೆ. ಸಿಮೆಂಟ್ ಬಳಿದರೆ ದಾರಿ ಮುಚ್ಚುತ್ತದೆ, ನೀರು ಒಳಗಿನ ಕಡೆಗೆ ತಿರುಗುತ್ತದೆ. ಸಿಮೆಂಟ್ ಕೆತ್ತಿ ತೆಗೆಯಲು ಹನ್ನೊಂದು ದಿನ ಹಿಡಿಯಿತು. ಚಿಪ್ಪಿನ ಸುಣ್ಣ ತಂದು ವಾರಗಟ್ಟಲೆ ನೀರಿನಲ್ಲಿ ನೆನೆಹಾಕಿದೆವು. ಮರುವಾಯಿ ತಿಂದು ಎಸೆಯುವ ಚಿಪ್ಪಿನಿಂದಲೇ ಗೋಡೆಗೆ ಸುಣ್ಣವಾಗುತ್ತದೆ ಎಂಬುದು ಕರಾವಳಿಯಲ್ಲಿ ಹುಟ್ಟಿದ ನನಗೆ ಹದಿನೇಳನೆಯ ವಯಸ್ಸಿನಲ್ಲಿ ಗೊತ್ತಾಯಿತು.

ಸಿಮೆಂಟ್ ತೆಗೆಯುವಾಗ ಮುಂಬಾಗಿಲಿನ ಪಕ್ಕದ ಕಲ್ಲಿನಲ್ಲಿ ಉಳಿಯಿಂದ ಎಳೆದ ಒಂದು ಗೆರೆ ಕಾಣಿಸಿತು, ಹೆಚ್ಚುಕಡಿಮೆ ನನ್ನ ಭುಜದ ಎತ್ತರಕ್ಕೆ. ಅಜ್ಜಿ ಬಂದು ಅದರ ಮೇಲೆ ಕೈಯಿಟ್ಟರು. 1974ರಲ್ಲಿ ನೇತ್ರಾವತಿಯ ನೆರೆ ಬಂದಾಗ ನೀರು ನಿಂತ ಮಟ್ಟ ಅದು, ಮುತ್ತಜ್ಜ ಕೊರೆಸಿದ್ದು. ಅಜ್ಜಿ ಆಗ ಇಪ್ಪತ್ತೊಂದರ ಸೊಸೆ, ಕೈಗೂಸು ದೊಡ್ಡಪ್ಪ. ಮಗುವನ್ನು ಎತ್ತಿಕೊಂಡು ಅಟ್ಟ ಹತ್ತಿ ಕುಳಿತಿದ್ದರಂತೆ. ಸುತ್ತಲಿನ ಮಣ್ಣಿನ ಗೋಡೆಯ ಮನೆಗಳು ಕರಗಿ ಕುಸಿಯುವ ಸದ್ದು ರಾತ್ರಿಯಿಡೀ ಕೇಳುತ್ತಿತ್ತಂತೆ. “ಈ ಗೋಡೆ ಬೀಳಲಿಲ್ಲ” ಎಂದಷ್ಟೇ ಹೇಳಿ ಒಳಗೆ ಹೋದರು. ಆ ಸಂಜೆ ನಾನು ಅದರ ಫೋಟೋ ಉಪ್ಪನಿಗೆ ಕಳಿಸಿದೆ. ಅವರು ಹುಟ್ಟುವ ಮೊದಲಿನ ಗೆರೆ, ಅದನ್ನು ಅವರೂ ನೋಡಿರಲಿಲ್ಲ. ಉತ್ತರ ಬಂದದ್ದು ಮರುದಿನ: “ಆ ಕಲ್ಲಿಗೆ ಗಾರೆ ಹಾಕಬೇಡಿ ಎಂದು ಮೇಸ್ತ್ರಿಗೆ ಹೇಳು.” ಬಾಲ್ಕನಿಯ ಮಾತು ಆಮೇಲೆ ಬರಲಿಲ್ಲ.

ಅಲಂಕಾರದ ವಿಷಯದಲ್ಲಿ ಜಗಳವಾಗದ ದಿನವಿಲ್ಲ. ಕಾವಿ ಬಣ್ಣದ ಹಳೆಯ ನೆಲದ ಮೇಲೆ ಹೊಳೆಯುವ ಟೈಲ್ಸ್ ಹಾಕಿಸಬೇಕೆಂದು ಉಮ್ಮನ ಆಸೆ. ಹಾಕಿದರೆ ನೆಲ ಏರುತ್ತದೆ, ಏಳು ಹಲಸಿನ ಬಾಗಿಲುಗಳನ್ನೂ ಬುಡದಲ್ಲಿ ಕೊಯ್ಯಬೇಕು ಎಂದು ಮೇಸ್ತ್ರಿ ಹೇಳಿದ ಮೇಲೆ ಉಮ್ಮ ಬಿಟ್ಟರು. ಬಿರುಕು ತುಂಬಿ, ತೆಂಗಿನೆಣ್ಣೆ ಹಾಕಿ ಉಜ್ಜಿದೆವು. ಬಿರುಕು ಈಗಲೂ ಕಾಣುತ್ತದೆ. ಪಿವಿಸಿ ಸೀಲಿಂಗ್ ಹಾಕಿಸುವ ಯೋಚನೆಯನ್ನು ನಾನು ವಿರೋಧಿಸಿದೆ. ಅದು ಸೋರುವುದನ್ನು ನಿಲ್ಲಿಸುವುದಿಲ್ಲ, ಮುಚ್ಚಿಡುತ್ತದೆ ಅಷ್ಟೆ, ಮೇಲೆ ಇಲಿಗಳಿಗೆ ಬಾಡಿಗೆಯಿಲ್ಲದ ಮಹಡಿ. ಬದಲಿಗೆ ಕತ್ತಲೆಯ ನಡುಕೋಣೆಯ ಮೇಲೆ ಆರು ಗಾಜಿನ ಹಂಚು ಕೂರಿಸಿದೆವು. ಅಂಗಳದಲ್ಲಿದ್ದ ಬಚ್ಚಲಿನ ಬದಲು ಅಜ್ಜಿಯ ಕೋಣೆಗೆ ತಾಗಿಯೇ ಬಚ್ಚಲು ಬಂತು. ಅಲ್ಲಿ ಮಾತ್ರ ಟೈಲ್ಸ್, ಅದೂ ಜಾರದ ಒರಟು ಜಾತಿಯದ್ದು. ಮರದ ಪಟ್ಟಿಯ ಹಳೆಯ ವೈರಿಂಗ್ ಪೂರ್ತಿ ತೆಗೆದೆವು, ಅದರಲ್ಲಿ ಚೆಂದಕ್ಕಿಂತ ಜೀವ ಮುಖ್ಯ.

ಭತ್ತ ತುಂಬುತ್ತಿದ್ದ ಪತ್ತಾಯವನ್ನು ಮಾರಲು ಒಬ್ಬರು ಒಳ್ಳೆಯ ಬೆಲೆಯನ್ನೇ ಹೇಳಿದರು. ನಾವು ಕೊಡಲಿಲ್ಲ. ಈಗ ಅದು ನನ್ನ ಕೋಣೆಯಲ್ಲಿದೆ. ಒಳಗೆ ಪುಸ್ತಕ, ಮೇಲೆ ಹಾಸಿಗೆ. ಬಿಸಿನೆಸ್ ಸ್ಟಡೀಸ್ ಪುಸ್ತಕ ತೆಗೆದಾಗಲೆಲ್ಲ ಭತ್ತದ ವಾಸನೆ ಬರುತ್ತದೆ.

ಮೇ ಕೊನೆಯಲ್ಲಿ ಮಾಮಿಗೆ ಎರಡನೆಯ ಕಂತು ಹೋಯಿತು. ಅದೇ ವಾರ ನಾವು ಬಾಡಿಗೆ ಮನೆ ಬಿಟ್ಟು ಬಂದೆವು. ಮಾಮಿ ಮಕ್ಕಳ ಜೊತೆ ಬಂದು ಎರಡು ದಿನ ಉಳಿದರು, ಆ ಹಣದಲ್ಲಿ ಮಗಳ ನರ್ಸಿಂಗ್ ಫೀಸು ಕಟ್ಟಿದೆ ಎಂದರು. ಜೂನ್ ಮೊದಲ ವಾರ ಗುಡುಗು ಸಹಿತ ಮಳೆ ಹಿಡಿಯಿತು. ನಾವೆಲ್ಲ ತಲೆಯೆತ್ತಿ ಕೋಣೆಯಿಂದ ಕೋಣೆಗೆ ನಡೆದೆವು. ಎಲ್ಲೂ ಸೋರಲಿಲ್ಲ, ಅಡಿಗೆಮನೆಯ ಮೂಲೆಯಲ್ಲಿ ಒಂದು ಕಡೆ ಬಿಟ್ಟರೆ. ತನ್ನ ಎಂಟನೆಯ ಒಂದು ಭಾಗ ಅಡಿಗೆಮನೆ ಮತ್ತು ಬಾವಿಕಟ್ಟೆ ಎಂದು ಅಜ್ಜಿ ಯಾವತ್ತೋ ತೀರ್ಮಾನಿಸಿಬಿಟ್ಟಿದ್ದಾರೆ. ಹಾಗಾದರೆ ಆ ರಿಪೇರಿಯ ಖರ್ಚು ಯಾರ ಹೆಸರಿಗೆ ಬರೆಯಲಿ ಎಂದು ನಾನು ಪುಸ್ತಕ ಹಿಡಿದು ಕೇಳಿದೆ. ಅಜ್ಜಿ ಮೂಲೆಗೆ ಒಂದು ಬಾಲ್ದಿ ತಳ್ಳಿ, “ಮೇಸ್ತ್ರಿಗೆ ಫೋನು ಮಾಡು, ಆಮೇಲೆ ಬರೆ” ಎಂದರು.