ಒಂದು ಲೀಟರಿನ ಬೆನ್ನಿಗೆ ಹತ್ತು ಲೀಟರ್

ಇ20 ಪೆಟ್ರೋಲ್ ಅಂದಕೂಡಲೇ ನಮ್ಮ ಆಫೀಸಿನವರೆಲ್ಲ ಕೇಳೋದು ಮೈಲೇಜ್ ಬಗ್ಗೆ. ಬಾಗಲಕೋಟೆ ಕಡೆಯ ನಮ್ಮ ಮಾವನದು ಬೇರೆ ಪ್ರಶ್ನೆ: ‘ಆ ಕರೇ ನೀರು ಎಲ್ಲಿ ಬಿಡ್ತಾರೋ ತಮ್ಮಾ?’ ಅವರ ಹೊಲ ಇರೋದು ಸಕ್ಕರೆ ಕಾರ್ಖಾನೆಯ ಕೆಳಗಿನ ಹಳ್ಳದ ಪಕ್ಕ.

ಕಾಕಂಬಿ ಹುಳಿಸಿ ಒಂದು ಲೀಟರ್ ಎಥನಾಲ್ ತೆಗೆದರೆ ಸುಮಾರು 8ರಿಂದ 15 ಲೀಟರ್ ಸ್ಪೆಂಟ್ ವಾಶ್ ಉಳಿಯುತ್ತೆ. ಬಿಸಿ, ಹುಳಿ, ಡಿಕಾಕ್ಷನ್ ಬಣ್ಣ. ಹಳ್ಳಕ್ಕೆ ಬಿದ್ದರೆ ನೀರಿನ ಆಮ್ಲಜನಕ ಖಾಲಿಯಾಗಿ ಮೀನು ಸಾಯುತ್ತವೆ.

ನಿಯಮದ ಪ್ರಕಾರ ಒಂದು ಹನಿಯೂ ಹೊರಗೆ ಹೋಗಬಾರದು. ಹಾಗಾಗಿ ಎಷ್ಟೋ ಕಡೆ ಅದನ್ನು ಇಂಗಿಸಿ, ಗಟ್ಟಿ ಮಾಡಿ, ಬಾಯ್ಲರಿನಲ್ಲಿ ಸುಡ್ತಾರೆ. ಬೂದಿಯ ಪೊಟ್ಯಾಶ್ ಗೊಬ್ಬರವಾಗುತ್ತೆ. ಒಳ್ಳೇದೇ. ಆದರೆ ಇಂಗಿಸೋಕೂ ಉಗಿ ಬೇಕಲ್ಲ!

ನನಗೆ ಹಿಡಿಸಿದ್ದು ನೀರನ್ನು ಮೊದಲೇ ಕಡಿಮೆ ಮಾಡುವ ದಾರಿ. ಕಾಕಂಬಿ ತೆಳುಮಾಡಲು ಹೊಸ ನೀರಿನ ಬದಲು ಸ್ಪೆಂಟ್ ವಾಶ್‌ನದೇ ಒಂದು ಪಾಲು ಬಳಸೋದು, ಬೇಳೆಯ ಕಟ್ಟಿನಲ್ಲೇ ಸಾರು ಮಾಡಿದ ಹಾಗೆ. ಜೊತೆಗೆ, ಯೀಸ್ಟ್ ತಡೆಯುವಷ್ಟೂ ಮದ್ಯಾಂಶ ಏರಿಸೋದು. ಅತಿಯಾಗಿ ತಿರುಗಿಸಿದರೆ ಮಾತ್ರ ಲವಣ ಕೂಡಿಕೊಂಡು ಯೀಸ್ಟೇ ಸುಸ್ತಾಗುತ್ತೆ. ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ ಪ್ರತಿ ಕಾರ್ಖಾನೆ ತನ್ನ ಕಾಕಂಬಿ ನೋಡಿಯೇ ಕಂಡುಕೊಳ್ಳಬೇಕು.