ಶಂಖದ ಗುತ್ತಿಗೆ ಮತ್ತು ಅದತ್ತಾದಾನ

ಇಪ್ಪತ್ತೆರಡನೆಯ ತೀರ್ಥಂಕರ ನೇಮಿನಾಥ ಸ್ವಾಮಿಯ ಲಾಂಛನ ಶಂಖ. ಪೀಠದ ಮೇಲೆ ಅದನ್ನು ಕಂಡು ಮೂರ್ತಿಯ ಹೆಸರು ಹೇಳುವ ವಿದ್ಯಾರ್ಥಿಗೆ, ನಿಜವಾದ ಶಂಖ ಯಾವ ಕಡಲಿನಿಂದ ಬಂತು, ಯಾರು ತೆಗೆದರು ಎಂಬ ಪ್ರಶ್ನೆ ಹೊಳೆಯುವುದು ವಿರಳ. ಶಂಖಕ್ಕೆ ಬಹುಕಾಲದಿಂದ ಹೆಸರಾದ ನೆಲೆಗಳು ಮನ್ನಾರ್ ಕೊಲ್ಲಿ ಮತ್ತು ಅದರ ಉತ್ತರದ ಪಾಕ್ ಕೊಲ್ಲಿ. ತೂತ್ತುಕುಡಿಯ ಪರವರು, ಕೀಳಕ್ಕರೆಯ ಮುಸಲ್ಮಾನರು ಉಸಿರು ಬಿಗಿಹಿಡಿದು ತಳಕ್ಕಿಳಿದು ಕೈಯಿಂದಲೇ ಅದನ್ನು ಆಯ್ದು ತರುತ್ತಿದ್ದರು. ಸರಕು ಢಾಕಾ ಸೇರಿ, ಅಲ್ಲಿನ ಶಾಂಖಾರಿಗಳ ಗರಗಸಕ್ಕೆ ಸಿಕ್ಕಿ, ಬಂಗಾಳದ ಮುತ್ತೈದೆಯರ ಬಳೆಯಾಗುತ್ತಿತ್ತು.

ಇಷ್ಟು ದೂರದ ವ್ಯಾಪಾರವಿದ್ದಲ್ಲಿ ಪ್ರಭುತ್ವದ ಕಣ್ಣು ಬೀಳದಿರುವುದುಂಟೆ? ಡಚ್ಚರ ತರುವಾಯ ಇಂಗ್ಲಿಷರು ತೂತ್ತುಕುಡಿಯ ಶಂಖವನ್ನು ಸರಕಾರದ ಏಕಸ್ವಾಮ್ಯವಾಗಿಯೇ ಇಟ್ಟುಕೊಂಡರು. ರಾಮನಾಡಿನ ಕರಾವಳಿಯ ಶಂಖ ಅಲ್ಲಿನ ಜಮೀನ್ದಾರಿಗೆ ಸೇರಿ ಗುತ್ತಿಗೆಗೆ ಹೋಗುತ್ತಿತ್ತು. ಗುತ್ತಿಗೆದಾರನಿಗೆ ಕೊಡದೆ ಶಂಖ ತೆಗೆದವರ ಮೇಲೆ ಕಳವಿನ ಆರೋಪ ಬಂದಾಗ ವ್ಯಾಜ್ಯ ಮದರಾಸು ಉಚ್ಚ ನ್ಯಾಯಾಲಯವನ್ನು ಮುಟ್ಟಿತು. ತೀರ್ಪು ಅಲ್ಲಿನ 1904ರ ವರದಿಗಳಲ್ಲಿದೆ.

1860ರ ದಂಡಸಂಹಿತೆಯಂತೆ ಕಳವು ಎನ್ನಬೇಕಾದರೆ ವಸ್ತು ಮತ್ತೊಬ್ಬನ ಸ್ವಾಧೀನದಲ್ಲಿರಬೇಕು. ಕಡಲ ತಳದ ಮರಳಿನಲ್ಲಿ ತೆವಳುವ ಜೀವಿ ಯಾರ ಸ್ವಾಧೀನ? ನ್ಯಾಯಾಲಯ ಕಂಡುಕೊಂಡ ಉತ್ತರ ವಿಲಕ್ಷಣವಾದುದು. ಪಾಕ್ ಕೊಲ್ಲಿಯನ್ನು ಬಹುಮಟ್ಟಿಗೆ ದೊರೆಯ ನೆಲವೇ ಬಳಸಿದೆ. ಎರಡೂ ದಡದ ಜನ ಶತಮಾನಗಳಿಂದ ಅದನ್ನು ಅನುಭವಿಸುತ್ತ ಬಂದಿದ್ದಾರೆ. ಆದ್ದರಿಂದ ಅದು ಬಯಲು ಸಮುದ್ರವಲ್ಲ, ಅಲ್ಲಿನ ಶಂಖವನ್ನು ಕದಿಯಲು ಸಾಧ್ಯ. ಅಂದರೆ ದಡದವರ ತಲತಲಾಂತರದ ಬಳಕೆಯೇ ದೊರೆಯ ಒಡೆತನಕ್ಕೆ ಸಾಕ್ಷ್ಯವಾಯಿತು. ಆ ಸಾಕ್ಷ್ಯದ ಬಲದಿಂದಲೇ ದಡದವನ ಕೆಲಸಕ್ಕೆ ಕಳವೆಂಬ ಹೆಸರು ಬಂತು.

ತತ್ತ್ವಾರ್ಥಸೂತ್ರ ಚೌರ್ಯವನ್ನು ಅದತ್ತಾದಾನ, ಎಂದರೆ ಕೊಡದುದನ್ನು ಕೊಳ್ಳುವುದು, ಎಂದು ಹೇಳುತ್ತದೆ. ಗಂಗರ ನಾಡಿನೊಂದಿಗೆ ಹೆಸರು ಬೆಸೆದುಕೊಂಡ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೊಂದು ಆಕ್ಷೇಪವನ್ನು ತಾವೇ ಎತ್ತಿಕೊಳ್ಳುತ್ತಾರೆ. ಭಿಕ್ಷೆಗೆ ಹೊರಟ ಮುನಿ ಊರಿನ ಬೀದಿ, ಬಾಗಿಲುಗಳನ್ನು ಹೊಗುತ್ತಾನೆ, ಅದನ್ನು ಯಾರೂ ಅವನಿಗೆ ಕೊಟ್ಟಿಲ್ಲ, ಅದು ಚೌರ್ಯವಲ್ಲವೆ? ಅಲ್ಲ, ಅವು ಎಲ್ಲರಿಗೂ ತೆರೆದಿಟ್ಟವು. ಮುಚ್ಚಿದ ಬಾಗಿಲನ್ನು ಅವನು ಹೊಗುವುದಿಲ್ಲ ಎಂಬುದು ಸಮಾಧಾನ. ಈ ಸೂಕ್ಷ್ಮ ಮದರಾಸಿನ ನ್ಯಾಯಪೀಠಕ್ಕೆ ಬೇಕಾಗಿತ್ತು. ಪಾಕ್ ಕೊಲ್ಲಿಗೆ ಹಾಕಿದ ಕದ ದೋಣಿಯವನ ಕಣ್ಣಿಗೆ ಕಾಣುವಂಥದಲ್ಲ, ಅದೊಂದು ಗುತ್ತಿಗೆಯ ಕಾಗದ.

ಗುತ್ತಿಗೆದಾರನ ಪರವಾಗಿಯೂ ಶಾಸ್ತ್ರವನ್ನು ಎತ್ತಬಹುದು. ಅಚೌರ್ಯವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದು. ಆದರೆ ಅಲ್ಲಿ ಪೂಜ್ಯಪಾದರ ದೃಷ್ಟಿ ಇರುವುದು, ರಾಜ್ಯ ಕಲಕಿದ ಹೊತ್ತಿನಲ್ಲಿ ಬೆಲೆಬಾಳುವ ವಸ್ತುವನ್ನು ಅಲ್ಪ ಮೌಲ್ಯಕ್ಕೆ ದಕ್ಕಿಸಿಕೊಳ್ಳಲು ಹವಣಿಸುವವನ ಮೇಲೆ. ಆ ಮಾತು ಮುಳುಗಿ ಶಂಖ ತೆಗೆಯುವವನಿಗಿಂತ ವರ್ತಕನಿಗೇ ಹೆಚ್ಚು ಹತ್ತಿರ. (ಶಂಖ ದ್ವೀಂದ್ರಿಯ ಜೀವಕ್ಕೆ ಮಾದರಿಯಾಗಿ ಹೇಳುವ ಪ್ರಾಣಿ, ಹಿಂಸೆಯ ಲೆಕ್ಕದಲ್ಲಿ ಇಬ್ಬರೂ ನಿರ್ದೋಷಿಗಳಲ್ಲ. ಅದು ಬೇರೆ ಪ್ರಕರಣ.)

1914ರಲ್ಲಿ ಜೇಮ್ಸ್ ಹಾರ್ನೆಲ್ ಭಾರತದ ಪವಿತ್ರ ಶಂಖವನ್ನು ಕುರಿತು ಒಂದು ಗ್ರಂಥವನ್ನೇ ಬರೆದ. ಮದರಾಸಿನ ತೀರ್ಪು ಮಾತ್ರ ಕಾಲಾಂತರದಲ್ಲಿ ಶಂಖವನ್ನು ಬಿಟ್ಟು, ಅಂತರರಾಷ್ಟ್ರೀಯ ಕಾನೂನಿನ ಪುಸ್ತಕಗಳಲ್ಲಿ ‘ಐತಿಹಾಸಿಕ ಜಲ’ಕ್ಕೆ ನಿದರ್ಶನವಾಯಿತು. 1974ರಲ್ಲಿ ಭಾರತ ಮತ್ತು ಶ್ರೀಲಂಕಾ ಅದೇ ಕೊಲ್ಲಿಯನ್ನು ಐತಿಹಾಸಿಕ ಜಲವೆಂದು ಕರೆದು ನಡುವೆ ಗಡಿರೇಖೆ ಎಳೆದುಕೊಂಡವು. ಆ ರೇಖೆಯೂ ದೋಣಿಯವರ ಕಣ್ಣಿಗೆ ಕಾಣುವುದಿಲ್ಲ. ಅದನ್ನು ದಾಟಿದರೆಂದು ಇಂದಿಗೂ ಅವರನ್ನು ಹಿಡಿಯುತ್ತಾರೆ.