ದೆಹಲಿಯ ಬೇಸಗೆಯೂ ಶ್ರಾವಕನ ಯತ್ನಾಚಾರವೂ

ಉದ್ಯೋಗ, ವಿದ್ಯಾಭ್ಯಾಸ, ವರ್ಗಾವಣೆಗಳ ನಿಮಿತ್ತ ನಮ್ಮ ಸಮಾಜದ ಅನೇಕ ಕುಟುಂಬಗಳು ಕರಾವಳಿ, ಮಲೆನಾಡು, ಬೆಳಗಾವಿ ಸೀಮೆಗಳನ್ನು ಬಿಟ್ಟು ದೆಹಲಿಯಂತಹ ಉತ್ತರದ ಮಹಾನಗರಗಳಲ್ಲಿ ನೆಲಸುತ್ತಿವೆ. ಹೊರಡುವವರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮನೆಬಾಡಿಗೆ ಎಷ್ಟು, ಮಕ್ಕಳ ಶಾಲೆ ಎಲ್ಲಿ, ಜಿನಮಂದಿರ ಹತ್ತಿರವಿದೆಯೆ ಎಂಬವು. ಬಿಸಿಲಿನ ವಿಚಾರವನ್ನು ಕೇಳುವವರು ವಿರಳ. ಮಂಗಳೂರಿನ ಸೆಕೆಯನ್ನು ಕಂಡವರಿಗೆ ದೆಹಲಿಯ ಬೇಸಗೆ ಏನು ಮಹಾ ಎಂಬ ಭಾವನೆ ನಮ್ಮವರಲ್ಲಿದೆ. ಆ ನಗರದಲ್ಲಿ ಹತ್ತೊಂಬತ್ತು ವರ್ಷ ನೌಕರಿ ಮಾಡಿದ ನನಗೆ ತೋರಿದ್ದು ಬೇರೆ. ವ್ರತನಿಯಮಗಳನ್ನು ಉಳಿಸಿಕೊಂಡು ಬಾಳಬಯಸುವ ಕುಟುಂಬಕ್ಕೆ ಹೋಗುವ ಊರಿನ ಹವೆಯ ತಿಳಿವಳಿಕೆ ಬಾಡಿಗೆಯ ಮಾಹಿತಿಗಿಂತಲೂ ಅಗತ್ಯವಾದುದು.

ದೆಹಲಿಯು ಕರ್ಕಾಟಕ ವೃತ್ತಕ್ಕಿಂತ ಸುಮಾರು ಐದು ಡಿಗ್ರಿ ಉತ್ತರದಲ್ಲಿರುವ ಉಪೋಷ್ಣವಲಯದ ನಗರ, ಸಮುದ್ರದಿಂದ ಬಹುದೂರ. ಏಪ್ರಿಲಿನಲ್ಲಿ ಆರಂಭವಾಗುವ ಬೇಸಗೆಯು ಜೂನ್ ಕೊನೆಗೆ ಮುಂಗಾರು ತಲಪುವವರೆಗೂ ಬಿಡುವುದಿಲ್ಲ. ಪಶ್ಚಿಮದಿಂದ ಬೀಸುವ ‘ಲೂ’ ಎಂಬ ಒಣ ಬಿಸಿಗಾಳಿ ಒಲೆಯ ಬಾಯಿಯಿಂದ ಬಂದಂತಿರುತ್ತದೆ. 2024ರ ಮೇ 29ರಂದು ಸಫ್ದರ್‌ಜಂಗ್ ಕೇಂದ್ರದಲ್ಲಿ ಗರಿಷ್ಠ ಉಷ್ಣತೆ 46.8 ಡಿಗ್ರಿಗೆ ಏರಿತು; ಅದೇ ವರ್ಷ ಜೂನ್ ಮಧ್ಯಭಾಗದ ಒಂದು ರಾತ್ರಿ ಕನಿಷ್ಠ ಉಷ್ಣತೆಯೇ 35 ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ನಮ್ಮ ಕರಾವಳಿಯಲ್ಲಿ ಬೆವರು ಮೈಗೆ ಅಂಟಿ ನಿಂತು ದೇಹದಿಂದ ನೀರು ಹೋಗುತ್ತಿರುವುದನ್ನು ತಿಳಿಸುತ್ತದೆ. ದೆಹಲಿಯ ಒಣಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ಮೈ ಒಣಗಿರುವುದನ್ನು ಕಂಡು ತಾನು ಸುಖವಾಗಿದ್ದೇನೆಂದು ಭಾವಿಸುವ ಹೊಸಬನು ನೀರಡಿಕೆಯನ್ನು ತಡವಾಗಿ ಅರಿಯುತ್ತಾನೆ. ದೇಹವು ಹೊಸ ಹವೆಗೆ ಒಗ್ಗಲು ಒಂದೆರಡು ವಾರಗಳಾದರೂ ಬೇಕು. ಆದುದರಿಂದ ಸಾಧ್ಯವಿದ್ದವರು ಮೇ ತಿಂಗಳಲ್ಲಿ ಸಂಸಾರ ಸಾಗಿಸಬಾರದು. ಮಾರ್ಚ್ ಮೊದಲ ಭಾಗದಲ್ಲಿಯೇ ಹೋಗಿ ಸೇರುವುದು ಲೇಸು.

ಉಷ್ಣವು ಇಪ್ಪತ್ತೆರಡು ಪರೀಷಹಗಳಲ್ಲಿ ಒಂದು. ಅದನ್ನು ಸಮತೆಯಿಂದ ಸಹಿಸುವುದು ಮುನಿಧರ್ಮ. ಬೆಳಗಾವಿ ಜಿಲ್ಲೆಯ ಶೇಡಬಾಳದಲ್ಲಿ 1925ರಲ್ಲಿ ಜನಿಸಿದ ಆಚಾರ್ಯ ವಿದ್ಯಾನಂದರು 1963ರಲ್ಲಿ ದೆಹಲಿಯಲ್ಲಿಯೇ ಆಚಾರ್ಯ ದೇಶಭೂಷಣರಿಂದ ಮುನಿದೀಕ್ಷೆ ಪಡೆದರು. 2019ರಲ್ಲಿ ಅದೇ ನಗರದಲ್ಲಿ ದೇಹವಿಟ್ಟರು. ಕನ್ನಡ ನೆಲದ ಮುನಿಗಳು ಆ ಬಿಸಿಲಿನಲ್ಲಿ ಬರಿಮೈಯಲ್ಲಿ, ಬರಿಗಾಲಿನಲ್ಲಿ ನಡೆದು, ದಿನಕ್ಕೊಮ್ಮೆ ಮಾತ್ರ ಆಹಾರ ನೀರು ಸ್ವೀಕರಿಸಿ ಬಾಳಿದ್ದನ್ನು ಕಂಡ ಗೃಹಸ್ಥನಿಗೆ ತನ್ನ ಕಷ್ಟ ಅಲ್ಪವೆಂದು ತೋರುವುದು ಸಹಜವೇ. ಆದರೆ ಇಲ್ಲೊಂದು ವಿವೇಕ ಬೇಕು. ಮುನಿಯು ಸಹಿಸುವುದು ತನ್ನ ಮೈಯ ಬಿಸಿಲನ್ನು. ಗೃಹಸ್ಥನ ಮನೆಯಲ್ಲಿ ಮಕ್ಕಳಿರುತ್ತಾರೆ, ಮುದುಕರಿರುತ್ತಾರೆ, ಕೆಲಸದವರಿರುತ್ತಾರೆ. ಸ್ವತಃ ಸಹಿಸಿದ ಸೆಕೆ ತಪಸ್ಸಾದೀತು; ಅಜಾಗರೂಕತೆಯಿಂದ ಇನ್ನೊಬ್ಬರ ಮೇಲೆ ಹೇರಿದ ಸೆಕೆ ಹಿಂಸೆಯೇ ಸರಿ. ಷೋಡಶ ಭಾವನೆಗಳಲ್ಲಿ ತಪಸ್ಸಿಗೆ ‘ಶಕ್ತಿತಃ’ ಎಂಬ ವಿಶೇಷಣವನ್ನು ಹಿರಿಯರು ಸುಮ್ಮನೆ ಸೇರಿಸಿಲ್ಲ.

ಮೊದಲು ಸೂರ್ಯಾಸ್ತದ ವಿಚಾರ. ರಾತ್ರಿಭೋಜನ ತ್ಯಾಗವುಳ್ಳವರು ಊರಿನ ಗಡಿಯಾರವನ್ನು ಮರೆಯಬೇಕಾಗುತ್ತದೆ. ಮೂಡುಬಿದಿರೆಯಲ್ಲಿ ವರ್ಷವಿಡೀ ಸೂರ್ಯ ಮುಳುಗುವುದು ಸುಮಾರು ಆರರಿಂದ ಏಳು ಗಂಟೆಯೊಳಗೆ. ದೆಹಲಿಯಲ್ಲಿ ಜೂನ್ ಕೊನೆಗೆ ಅದು 7.20ರ ಆಚೆಗೆ ಹೋಗುತ್ತದೆ. ಡಿಸೆಂಬರ್ ಆರಂಭದಲ್ಲಿ 5.25ಕ್ಕೇ ಕತ್ತಲು. ಚಳಿಗಾಲದಲ್ಲಿ ಕಚೇರಿ ಬಿಡುವ ಮೊದಲೇ ಅನಸ್ತಮಿತದ ಹೊತ್ತು ಮೀರಿರುತ್ತದೆ. ಆದುದರಿಂದ ನಾನು ಸಂಜೆಯ ಬುತ್ತಿಯನ್ನೂ ಬೆಳಿಗ್ಗೆಯೇ ಒಯ್ದು ಐದು ಗಂಟೆಗೆ ಮೇಜಿನ ಬಳಿಯಲ್ಲೇ ಉಣ್ಣುತ್ತಿದ್ದೆ. ಮೊದಲು ಅಚ್ಚರಿಪಟ್ಟ ಸಹೋದ್ಯೋಗಿಗಳೇ ಅನಂತರ ಹೊತ್ತಾಯಿತೆಂದು ನೆನಪಿಸತೊಡಗಿದರು. ಬೇಸಗೆಯಲ್ಲಿ ಇದಕ್ಕೆ ವಿರುದ್ಧ. ಜೂನ್ ತಿಂಗಳ ಇರುಳು ಅಲ್ಲಿ ಸುಮಾರು ಹತ್ತು ಗಂಟೆ ಮಾತ್ರ. ನಮ್ಮ ಊರಿನದಕ್ಕಿಂತ ಒಂದು ಗಂಟೆ ಚಿಕ್ಕದು. ಆದರೆ ಆ ಹತ್ತು ಗಂಟೆಗಳು ಕಾದ ಗೋಡೆಗಳ ನಡುವಿನವು.

ನನ್ನ ತಾಯಿಯವರು ಎಪ್ಪತ್ತರ ವಯಸ್ಸಿನಲ್ಲಿ ನಮ್ಮೊಡನೆ ಇರಲು ಬಂದರು. ಸೂರ್ಯಾಸ್ತದ ಬಳಿಕ ನೀರನ್ನೂ ಮುಟ್ಟದ ನಿಯಮ ಅವರದು. ಹೊರಡುವ ಮುನ್ನವೇ ಅವರು ಗುರುಗಳ ಬಳಿ ಹೋಗಿ, ತಮ್ಮ ವಯಸ್ಸನ್ನೂ ಹೋಗುವ ಊರನ್ನೂ ನಿವೇದಿಸಿ, ಅನಾರೋಗ್ಯದ ಸಂದರ್ಭದಲ್ಲಿ ನಿಯಮದ ಎಲ್ಲೆ ಯಾವುದೆಂದು ಕೇಳಿ ನಿಶ್ಚಯಿಸಿಕೊಂಡಿದ್ದರು. ಇದು ನನಗೆ ಬಹಳ ದೊಡ್ಡ ಪಾಠವೆನಿಸಿತು. ವ್ರತದ ಮರ್ಯಾದೆಯನ್ನು ಸ್ವಸ್ಥಚಿತ್ತದಲ್ಲಿ ಮೊದಲೇ ನಿರ್ಣಯಿಸಬೇಕು. ಮನೆಯವರು ಗಾಬರಿಗೊಂಡು ಅಳುತ್ತಿರುವ ನಡುರಾತ್ರಿಯಲ್ಲಲ್ಲ. ಆ ಬೇಸಗೆಯಲ್ಲಿ ಅವರು ನೀರಿಗೂ ಊಟದಂತೆ ಹೊತ್ತು ಗೊತ್ತುಮಾಡಿದರು. ಸಂಜೆ ಐದರಿಂದ ಏಳರವರೆಗೆ ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಕುಡಿಯುವರು. ಮುಳುಗುವ ಹೊತ್ತಿಗೆ ಒಮ್ಮೆಲೆ ಚೆಂಬು ನೀರು ಕುಡಿಯುವ ಅಭ್ಯಾಸವನ್ನು ಬಿಟ್ಟರು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೆ ಔಷಧ ಸೇವಿಸುವವರು ಅಷ್ಟಮಿ ಚತುರ್ದಶಿಗಳ ನಿರ್ಜಲ ಉಪವಾಸದ ವಿಷಯದಲ್ಲಿ ವೈದ್ಯರನ್ನೂ ಕೇಳಬೇಕು. ಬಿಸಿಲಿನಲ್ಲಿ ಬಂದವರು ಅಸಂಬದ್ಧವಾಗಿ ಮಾತನಾಡಿದರೆ, ಮೈ ಕಾದು ತಾವು ಎಲ್ಲಿದ್ದೇವೆಂಬುದನ್ನೇ ಮರೆತರೆ, ಅದು ಆಯಾಸವಲ್ಲ, ಪ್ರಾಣಾಪಾಯ. ಕೂಡಲೇ ನೆರಳಿಗೆ ತಂದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತ, 112ಕ್ಕೆ ಕರೆಮಾಡಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹೊಯ್ಯಬಾರದು.

ಅಡುಗೆಮನೆಯಲ್ಲಿ ನಮ್ಮ ಹಿರಿಯರ ಕಟ್ಟಳೆಗಳು ಅಲ್ಲಿನ ಹವೆಗೆ ಹೇಳಿಮಾಡಿಸಿದಂತಿವೆ. ಹಿಟ್ಟಿನ ಮರ್ಯಾದೆ ಶೀತಕಾಲದಲ್ಲಿ 7 ದಿನ, ಗ್ರೀಷ್ಮದಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ. ದೆಹಲಿಯ ಜುಲೈ ತಿಂಗಳಲ್ಲಿ ಹಿಟ್ಟು, ರವೆ, ಬೇಳೆಗಳಲ್ಲಿ ಎಷ್ಟು ಬೇಗ ಹುಳು ಕಾಣಿಸುತ್ತದೆಂಬುದನ್ನು ನೋಡಿದವರಿಗೆ ಈ ಲೆಕ್ಕದ ಅರ್ಥ ತಿಳಿಯುತ್ತದೆ. ಬೀದಿಬೀದಿಗೂ ಹಿಟ್ಟಿನ ಗಿರಣಿ ಇರುವುದರಿಂದ ಗೋಧಿ ತಂದು ಸ್ವಲ್ಪಸ್ವಲ್ಪವೇ ಬೀಸಿಸಿಕೊಳ್ಳುವುದು ಕಷ್ಟವಲ್ಲ. ಸೋಸಿದ ನೀರಿಗೆ ಎರಡು ಗಳಿಗೆ, ಎಂದರೆ 48 ನಿಮಿಷ. ಕುದಿಸಿದ ನೀರಿಗೆ 24 ಗಂಟೆ. ತಾರಸಿಯ ತೊಟ್ಟಿಯಿಂದ ಮಧ್ಯಾಹ್ನ ಬರುವ ನೀರು ಕೈಸುಡುವಷ್ಟು ಕಾದಿರುತ್ತದೆ. ಅದನ್ನು ಕುದಿಸಿದ ನೀರೆಂದು ತಿಳಿಯಬಾರದು. ಬಿಸಿಗಾಳಿಗೆ ಈರುಳ್ಳಿಯೇ ಮದ್ದೆಂದು ಅಲ್ಲಿನ ಅನೇಕರು ಹೇಳುತ್ತಾರೆ. ನಮಗೆ ಅದರ ಹಂಗಿಲ್ಲ. ಬೇಯಿಸಿದ ಮಾವಿನಕಾಯಿಗೆ ಜೀರಿಗೆ, ಉಪ್ಪು, ಬೆಲ್ಲ ಸೇರಿಸಿ ಮಾಡುವ ಪಾನಕ, ಹುರಿಗಡಲೆ ಹಿಟ್ಟನ್ನು ನೀರಿನಲ್ಲಿ ಕದಡಿದ ಸತ್ತು, ಆಯಾ ದಿನವೇ ಕಡೆದ ಮಜ್ಜಿಗೆ ಇವು ಸಾಕು.

ಇನ್ನು ಕೂಲರ್. ಲಾವಂಚದ ಅಥವಾ ಮರದ ಹೊಟ್ಟಿನ ತಟ್ಟಿಯ ಮೇಲೆ ನೀರು ಇಳಿಸಿ ಗಾಳಿಯನ್ನು ತಂಪುಮಾಡುವ ಈ ಯಂತ್ರ ಮೇ ಜೂನಿನ ಒಣಹವೆಯಲ್ಲಿ ಕಡಿಮೆ ವಿದ್ಯುತ್ತಿನಿಂದ ಚೆನ್ನಾಗಿ ನಡೆಯುತ್ತದೆ. ಮಳೆ ಬಂದು ಗಾಳಿಯಲ್ಲಿ ತೇವ ತುಂಬಿದ ಮೇಲೆ ಉಪಯೋಗವಿಲ್ಲ. ಆಗ ಜನ ಅದನ್ನು ಮರೆಯುತ್ತಾರೆ, ತಳದ ನೀರು ಹಾಗೆಯೇ ಉಳಿಯುತ್ತದೆ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದು ವಾರ, ಹತ್ತು ದಿನ ಸಾಕು. ಅನಂತರ ಮನೆಮನೆಗೂ ಹೊಗೆ, ವಿಷದ ಸಿಂಪಡಣೆ. ಅಸಂಖ್ಯ ಜೀವಗಳ ನಾಶ, ಜೊತೆಗೆ ಮಕ್ಕಳಿಗೆ ಜ್ವರ. ವಾರಕ್ಕೊಮ್ಮೆ ನೀರು ಚೆಲ್ಲಿ, ಒಳಗೋಡೆಗಳನ್ನು ಉಜ್ಜಿ ಒಣಗಿಸಿದರೆ ಜೀವೋತ್ಪತ್ತಿಗೇ ಅವಕಾಶವಾಗದು. ಯತ್ನಾಚಾರವೆಂದರೆ ಇದು. ಕೊಲ್ಲಬೇಕೋ ಬೇಡವೋ ಎಂಬ ಇಕ್ಕಟ್ಟು ಬಂದಾಗ ಚರ್ಚಿಸುವುದಕ್ಕಿಂತ, ಆ ಇಕ್ಕಟ್ಟು ಹುಟ್ಟದಂತೆ ನೋಡಿಕೊಳ್ಳುವುದು ಅಹಿಂಸೆಗೆ ಹತ್ತಿರ. ಹಕ್ಕಿಗಳಿಗಾಗಿ ಇಡುವ ನೀರಿನ ಬಟ್ಟಲಿಗೂ ಇದೇ ಮಾತು: ದಿನವೂ ಬದಲಿಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಬ್ಬರ ಬಿಸಿಲು. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುತ್ತಿದ್ದ ಹೆಂಗಸು ಮೂರು ಮನೆಗಳನ್ನು ಮುಗಿಸಿ ಮಧ್ಯಾಹ್ನ ಎರಡು ಗಂಟೆಗೆ ನಡೆದು ಬರುವಳು. ತಾಯಿಯವರು ಎರಡು ದಿನ ನೋಡಿ, ಮೂರನೆಯ ದಿನ ನನ್ನನ್ನು ಕರೆದು, “ನಾವು ಬಿಸಿಲಿಗೆ ಹೆದರಿ ಕಿಟಕಿ ಮುಚ್ಚಿ ಕುಳಿತಿದ್ದೇವೆ. ಅವಳನ್ನು ಈ ಹೊತ್ತಿನಲ್ಲಿ ನಡೆಸುವವರು ನಾವೇ ಅಲ್ಲವೇ ಮಗಾ?” ಎಂದರು. ಮರುದಿನದಿಂದ ಅವಳು ಬೆಳಿಗ್ಗೆ ಮೊದಲು ನಮ್ಮಲ್ಲಿಗೆ ಬಂದಳು. ಮಧ್ಯಾಹ್ನದ ಪಾತ್ರೆಗಳನ್ನು ತಾಯಿಯವರೂ ನನ್ನ ಪತ್ನಿಯೂ ತೊಳೆದುಕೊಂಡರು. ಸಂಬಳ ಕಡಿಮೆ ಮಾಡಲಿಲ್ಲ. ಇದೊಂದು ದೊಡ್ಡ ದಾನವಲ್ಲ. ಆದರೆ ಕಾವಲುಗಾರನ ಕುರ್ಚಿಗೆ ನೆರಳಿದೆಯೆ, ಸಾಮಾನು ತರುವ ಹುಡುಗನಿಗೆ ನೀರು ಕೊಟ್ಟೆವೆ, ನಮ್ಮ ತಂಪುಯಂತ್ರದ ಬಿಸಿಗಾಳಿ ಯಾರ ಕಿಟಕಿಗೆ ಹೋಗುತ್ತಿದೆ ಎಂದು ನೋಡುವ ಕಣ್ಣು ಅಂದಿನಿಂದ ನಮಗೆ ಬಂದಿತು.

ಬಸದಿಗಳ, ಟ್ರಸ್ಟುಗಳ ವ್ಯವಸ್ಥಾಪಕರಲ್ಲಿಯೂ ಎರಡು ಮಾತು. ಮಹಾವೀರ ಜಯಂತಿ ಬರುವುದು ಚೈತ್ರದಲ್ಲಿ. ಮೆರವಣಿಗೆಯನ್ನು ಬೆಳಗಿನ ತಂಪಿನಲ್ಲಿಯೇ ಮುಗಿಸಿದರೆ ವಾದ್ಯದವರೂ ಪಲ್ಲಕ್ಕಿ ಹೊರುವವರೂ ಬದುಕಿಕೊಳ್ಳುತ್ತಾರೆ. ಪ್ರದಕ್ಷಿಣೆಯ ಕಲ್ಲುಹಾಸಿನ ಮೇಲೆ ನಾರಿನ ಚಾಪೆ ಹಾಸಬೇಕು. ಹೊರಬಾಗಿಲಲ್ಲಿ ಜಾತಿಮತ ಕೇಳದ ಒಂದು ಅರವಟ್ಟಿಗೆ ಇರಬೇಕು. ಕೆಂಪುಕೋಟೆಯೆದುರಿನ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿರುವ ಪಕ್ಷಿಗಳ ಆಸ್ಪತ್ರೆ 1929ರಲ್ಲಿ ಆರಂಭವಾದುದು. ಬಿಸಿಲಿಗೆ ಬಳಲಿ ಬಿದ್ದ ಪಾರಿವಾಳವನ್ನು ಯಾವ ಮತದವನು ತಂದರೂ ಅಲ್ಲಿ ಚಿಕಿತ್ಸೆ ದೊರೆಯುತ್ತದೆ. ಹಕ್ಕಿಗೆ ಇಷ್ಟನ್ನು ಮಾಡಬಲ್ಲ ಸಮಾಜವು ರಿಕ್ಷಾ ಎಳೆಯುವವನಿಗೆ ಒಂದು ಕೊಡ ನೀರನ್ನು ಇಡಲಾರದೆ?

ದೆಹಲಿಯಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ ಹಸ್ತಿನಾಪುರವಿದೆ. ಆದಿತೀರ್ಥಂಕರರಿಗೆ ಶ್ರೇಯಾಂಸರಾಜನು ಕಬ್ಬಿನ ಹಾಲನ್ನು ಆಹಾರವಾಗಿ ನೀಡಿದ ಕ್ಷೇತ್ರವದು. ಆ ನೆನಪಿನ ಅಕ್ಷಯತೃತೀಯೆ ಬರುವುದು ವೈಶಾಖದ ಉರಿಬಿಸಿಲಿನಲ್ಲಿ. ಅದಕ್ಕೆ ಮೊದಲು ಸ್ವಾಮಿಗೆ ಕೊಡಲು ಬಂದವರಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ. ಆನೆ, ಕುದುರೆ, ರತ್ನಗಳನ್ನು ತಂದರು. ಏನನ್ನು, ಹೇಗೆ ಕೊಡಬೇಕೆಂಬ ಅರಿವು ಮಾತ್ರ ಇರಲಿಲ್ಲವಾಗಿ ಸ್ವಾಮಿಯು ಹಸಿವಿನಲ್ಲಿಯೇ ಮುನ್ನಡೆಯಬೇಕಾಯಿತು. ಉತ್ತರಕ್ಕೆ ಹೊರಟಿರುವ ನಮ್ಮ ತರುಣ ದಂಪತಿಗಳಲ್ಲಿ ಶ್ರದ್ಧೆಗೆ ಕೊರತೆಯಿಲ್ಲ. ಆ ಊರಿನ ಸೂರ್ಯನ ವೇಳೆ, ಗಾಳಿಯ ಗುಣ, ನೀರಿನ ರೀತಿಗಳನ್ನು ಹೊರಡುವ ಮೊದಲೇ ತಿಳಿದುಕೊಂಡು, ಮನೆಯ ಹಿರಿಯರನ್ನೂ ಗುರುಗಳನ್ನೂ ಕೇಳಿ ತಮ್ಮ ನಿಯಮಗಳನ್ನು ನಿಶ್ಚಯಿಸಿಕೊಳ್ಳಲಿ. ಅಲ್ಲಿ ಈಗಾಗಲೇ ನೆಲಸಿರುವ ಸಹಧರ್ಮಿಗಳು ಹೊಸದಾಗಿ ಬಂದ ಕುಟುಂಬದ ಮೊದಲ ಬೇಸಗೆಯಲ್ಲಿ ಒಮ್ಮೆಯಾದರೂ ಅವರ ಮನೆಗೆ ಹೋಗಿ ಬರಲಿ.